ನೇರ ರೆಕ್ಕೆಯ ನೊಣ

ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಆಕೆ ನೊಣದಕ್ಕ. ಸೇರಿದ್ದು ಬಾಟಲಿ ತೊಳೆಯಲು. ಹತ್ತೊಂಬತ್ತು ವರ್ಷಗಳಲ್ಲಿ ಎಂಟುನೂರು ಸೀಸೆಗಳಷ್ಟು ಹಣ್ಣಿನ ನೊಣಗಳ ಸಂಸಾರವೇ ಆಕೆಯ ಕೈಗೆ ಬಂದಿತ್ತು. ಜೋಳದ ಹಿಟ್ಟಿನ ಗಂಜಿ ಕುದಿಸಿ ಸೀಸೆಗಳಿಗೆ ಹೊಯ್ಯಬೇಕು, ಎರಡು ವಾರಕ್ಕೊಮ್ಮೆ ನೊಣಗಳನ್ನು ಹಳೆಯ ಸೀಸೆಯಿಂದ ಹೊಸದಕ್ಕೆ ತಟ್ಟಿ ಇಳಿಸಬೇಕು, ಬಾಯಿಗೆ ಹತ್ತಿ ತುರುಕಬೇಕು. "ಕೆಲಸ ಇಲ್ಲದೋರು ನೊಣ ಹೊಡೀತಾರೆ, ನಮ್ಮ ಸೊಸೆಗೆ ನೊಣ ಸಾಕೋದೇ ಕೆಲಸ," ಎಂದು ಅತ್ತೆ ನೆಂಟರ ಮುಂದೆ ನಗುತ್ತಿದ್ದರು.

ಕಪಾಟಿನ ಮೂಲೆಯಲ್ಲಿ ಯಾರಿಗೂ ಬೇಡವಾದ ಒಂದು ತಳಿಯಿತ್ತು. ಅದರಲ್ಲಿ ಹುಟ್ಟುವ ಪ್ರತಿ ನೊಣದ ರೆಕ್ಕೆಯೂ ಮೇಲಕ್ಕೆ ಸುರುಳಿ. ಸುರುಳಿ ಎಂದರೆ ಒಂದು ಜೀನಾದರೂ ಒಳ್ಳೆಯದಿದೆ ಎಂಬ ಗುರುತು; ತಾಯಿ ತಂದೆ ಇಬ್ಬರಿಂದಲೂ ಕೆಟ್ಟ ಜೀನನ್ನೇ ಪಡೆದ ಮರಿಗೆ ಆ ಗುರುತಿಲ್ಲದೆ ರೆಕ್ಕೆ ನೇರವಾಗಿರಬೇಕಿತ್ತು, ಆದರೆ ಅಂಥದ್ದು ಮೊಟ್ಟೆಯೊಳಗೇ ಸಾಯುತ್ತಿತ್ತು. ನೇರ ರೆಕ್ಕೆಯದೊಂದನ್ನೂ ನೊಣದಕ್ಕ ಕಂಡಿರಲಿಲ್ಲ.

ಹೊಸದಾಗಿ ಬಂದ ಸಂಶೋಧಕಿ ಆ ಸೀಸೆಗೇ ಕೈ ಹಾಕಿದಳು. ಸತ್ತ ಭ್ರೂಣಗಳಿಗೆ ಬಣ್ಣ ಹಚ್ಚಿ ನೋಡಿದರೆ ನರದ ಎಳೆಗಳು ದಾರಿತಪ್ಪಿ ಅಲೆದಿದ್ದವು.

"ಇದು ನರದ ಜೀನ್, ಅಕ್ಕ! ಕಳ್ಳ ಸಿಕ್ಕಿಬಿದ್ದ!"

ನರಗಳಲ್ಲಿ ಮಾತ್ರ ಕೆಲಸ ಮಾಡುವಂತೆ ಒಳ್ಳೆಯ ಜೀನನ್ನು ಸೇರಿಸಿದಳು. ಇನ್ನು ಮರಿಗಳು ಬದುಕಬೇಕು. ಎರಡು ತಿಂಗಳು ಕಾದರೂ ಬರೀ ಸುರುಳಿ ರೆಕ್ಕೆಗಳೇ. ಹುಡುಗಿಯ ಮುಖ ಬಾಡಿತು.

ನೊಣದಕ್ಕನಿಗೆ ತಡೆಯಲಾಗಲಿಲ್ಲ. ಒಡೆಯದೆ ಉಳಿದ ಮೊಟ್ಟೆಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಬಹಳ ಹೊತ್ತು ಕಣ್ಣು ಕೀಳದೆ ನೋಡಿದಳು.

"ಇಲ್ಲಿ ಬಾರಮ್ಮ. ಮೊಟ್ಟೆ ಒಡೆಯೋ ಹೊತ್ತಿಗೆ ಮರಿ ಬೆನ್ನ ಮೇಲೆ ಎರಡು ಗೆರೆ ಫಳಫಳ ಅಂತಿರುತ್ತಲ್ಲ? ಇವಕ್ಕೆ ಇಲ್ವೇ ಇಲ್ಲ."

ಹುಡುಗಿ ಕಣ್ಣಿಟ್ಟಳು. ಗೆರೆಗಳೆಂದರೆ ಗಾಳಿ ತುಂಬಿದ ಉಸಿರಿನ ಕೊಳವೆಗಳು. "ಅಯ್ಯೋ, ನಾನು ನರ ಬಿಟ್ಟು ಬೇರೇನೂ ನೋಡೇ ಇಲ್ಲ!" ಎಂದು ತಲೆ ಚಚ್ಚಿಕೊಂಡಳು. ಮತ್ತೆ ಬಣ್ಣ, ಮತ್ತೆ ಪರೀಕ್ಷೆ. ದೇಹದುದ್ದಕ್ಕೂ ಒಂದಕ್ಕೊಂದು ಬೆಸೆದುಕೊಳ್ಳಬೇಕಾದ ಕೊಳವೆಯ ತುಂಡುಗಳು ಕೂದಲೆಳೆಯ ಅಂತರದಲ್ಲಿ ಕೂಡದೆ ನಿಂತಿದ್ದವು. ಒಂದೇ ಜೀನ್, ಎರಡು ಕಸುಬು: ನರಕ್ಕೂ ದಾರಿ ತೋರಿಸಬೇಕು, ಉಸಿರಿನ ಕೊಳವೆಯನ್ನೂ ಕೂಡಿಸಬೇಕು.

ಈ ಬಾರಿ ಎರಡೂ ಕಡೆ ಕೆಲಸ ಮಾಡುವಂತೆ ಜೀನ್ ಸೇರಿಸಿದರು. ಹನ್ನೊಂದನೆಯ ದಿನ ಬೆಳಗ್ಗೆ ಸಂಶೋಧಕಿ ಬರುವ ಮೊದಲೇ ನೊಣದಕ್ಕ ಹೊಸ ನೊಣಗಳಿಗೆ ಮತ್ತು ಬರಿಸಿ, ಕುಂಚದ ತುದಿಯಿಂದ ಒಂದೊಂದನ್ನೇ ಸರಿಸತೊಡಗಿದಳು. ಸುರುಳಿ. ಸುರುಳಿ. ಸುರುಳಿ. ಆಮೇಲೆ ಕೈ ನಿಂತಿತು. ಬೆನ್ನ ಮೇಲೆ ಚಪ್ಪಟೆಯಾಗಿ ಮಡಚಿಕೊಂಡ, ಗಾಜಿನಂಥ ಎರಡು ನೇರ ರೆಕ್ಕೆಗಳು! ತನ್ನ ಉಸಿರಿಗೇ ಎಲ್ಲಿ ತೂರಿಹೋದೀತೋ ಎಂದು ಉಸಿರು ಬಿಗಿಹಿಡಿದಳು. ಬಾಗಿಲಲ್ಲಿ ಹುಡುಗಿ ಕಂಡದ್ದೇ ತಡ, "ಬಂತು ಕಣೇ, ಬಂತು!" ಎಂದು ಕೂಗಿದ ಕೂಗಿಗೆ ಪಕ್ಕದ ಕೋಣೆಯವರೆಲ್ಲ ಓಡಿಬಂದರು.

ಮಧ್ಯಾಹ್ನದ ಹೊತ್ತಿಗೆ ಏಳು ಸಿಕ್ಕವು. ಫೋಟೋ ತೆಗೆಯಬೇಕೆಂದು ಹುಡುಗಿ ಆತುರಪಟ್ಟರೆ ನೊಣದಕ್ಕ ಸೀಸೆಯನ್ನು ಎದೆಗವಚಿಕೊಂಡಳು.

"ಫೋಟೋ ಎಲ್ಲಿಗೂ ಓಡಿಹೋಗಲ್ಲ. ಮೊದಲು ಹೊಟ್ಟೆತುಂಬ ಉಣ್ಣಲಿ."

ಬೆಚ್ಚಗಿನ ಗಂಜಿಯ ಸೀಸೆಯೊಳಗೆ ಏಳೂ ಎಚ್ಚರಗೊಂಡು, ಗಾಜಿನ ಗೋಡೆ ಹಿಡಿದು ಮೇಲೆ ಹತ್ತಿದವು.