ಅರಿವೆ ಮುಚ್ಚಿದ ಬುಟ್ಟಿ

ಎರಡನೆಯ ಮಹಾಯುದ್ಧ ಇನ್ನೂ ನಡೆದಿತ್ತು. ನಮ್ಮ ಕಡೆ ಆಗ ನಿಜಾಮರ ಆಳ್ವಿಕೆ. ಆ ವರ್ಷದ ಎಳ್ಳಮಾವಾಸ್ಯೆಯ ದಿನ ನಡೆದ ಸಂಗತಿ ಇದು. ನಿಮ್ಮ ಶಾಂತತ್ತಿ ಆಗ ಒಂದು ತಿಂಗಳ ಕೂಸು. ಮೊನ್ನೆ ನೀವೆಲ್ಲ ಕೂತು, ಮನೆಗೆ ಬಂದ ಹೊಸ ಕೂಸನ್ನು ಎತ್ತಿಕೊಳ್ಳಲು ಯಾವ ಚೀಲ ಛಲೋ, ಎದೆಗೆ ಕಟ್ಟುವುದೋ ಬೆನ್ನಿಗೆ ಕಟ್ಟುವುದೋ ಎಂದು ಗಂಗಾವತಿಯ ಅಂಗಡಿಯ ಮಾತು ಆಡುತ್ತಿದ್ದಾಗ ನನ್ನನ್ನೂ ಕೇಳಿದಿರಿ. ಅಷ್ಟು ಜನರೆದುರು ನನಗೆ ಬಾಯಿ ಬರಲಿಲ್ಲ. ನಮ್ಮೂರ ಮಠದ ಸಾಲೆಯಲ್ಲಿ ಅಯ್ಯನವರು ಕಲಿಸಿದ ನಾಲ್ಕಕ್ಷರವಿದೆ. ಅದಕ್ಕೇ ಬರೆದು ಹೇಳುತ್ತಿದ್ದೇನೆ.

ಚೊಚ್ಚಲ ಹೆರಿಗೆಗೆ ನಾನು ತವರೂರು ಇರಕಲ್ಲಗಡಕ್ಕೆ ಹೋಗಿದ್ದೆ. ಐದು ತಿಂಗಳು ಇರಬೇಕಾದವಳು. ಆದರೆ ನಮ್ಮವ್ವನಿಗೆ ಮೈಯಲ್ಲಿ ನೆಟ್ಟಗಿರಲಿಲ್ಲ. ನನ್ನ ಬಾಣಂತನ ಮಾಡುತ್ತ ಮಾಡುತ್ತ ಅವಳೇ ಹಾಸಿಗೆ ಹಿಡಿದಳು. ತಿಂಗಳು ತುಂಬುತ್ತಲೇ ಗಂಡನ ಮನೆಗೆ, ತಳಕಲ್ಲಿನ ಹತ್ತಿರದ ಹಳ್ಳಿಗೆ, ವಾಪಸು ಬಂದೆ. ಬರುವಾಗ ಅವ್ವ ತಾನು ಉಟ್ಟು ಉಟ್ಟು ಮೆತ್ತಗಾದ ಒಂದು ಸೀರೆ ಕೊಟ್ಟು, "ಇದರಾಗ ಕೂಸನ್ನ ಎದಿಗಿ ಕಟಗೊಳವ್ವಾ. ಕೈ ಖುಲ್ಲಾ ಇರತಾವ, ಕೂಸೂ ಮೈಗೆ ಹತ್ತಿ ಇರತೈತಿ" ಅಂದಿದ್ದಳು.

ಬಂದ ನಾಲ್ಕಾರು ದಿನಕ್ಕೇ ಎಳ್ಳಮಾವಾಸ್ಯೆ. ಆ ದಿನ ಊರಿಗೆ ಊರೇ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆ ಮಾಡಿ, ಬೆಳೆಯ ನಡುವೆ ಅಡುಗೆ ಎರಚಿ ಬರಬೇಕು. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಹಿಂದಿನ ದಿನವೆಲ್ಲ ಬೀಸಿ, ಕುಟ್ಟಿ, ಸಜ್ಜೆಯ ಕಡುಬು, ಶೇಂಗಾ ಹೋಳಿಗೆ, ರೊಟ್ಟಿ, ಪುಂಡಿಪಲ್ಯ ಮಾಡಿದ್ದೆವು. ಅತ್ತೆಗೆ ಮೊಣಕಾಲು ನೋವು. ಒಲೆಯ ಮುಂದೆ ಕೂತವಳು ನಾನೇ. ನಡುವೆ ಕೂಸು ಅತ್ತಾಗ ಹಿಟ್ಟಿನ ಕೈ ತೊಳೆದು ಮೊಲೆಗೆ ಹಾಕಿಕೊಳ್ಳುವುದು, ಮತ್ತೆ ಬಂದು ಕೂರುವುದು. ಬೆಳಗಾಗುವಾಗ ನಿಂತಲ್ಲೇ ಕಣ್ಣು ಎಳೆಯುತ್ತಿದ್ದವು.

ಎತ್ತಿನ ಗೊರಸಿಗೆ ಗಾಯವಾಗಿ ಚಕ್ಕಡಿ ಕಟ್ಟುವಂತಿರಲಿಲ್ಲ. ಹರದಾರಿ ದೂರ ನಡೆಯಬೇಕು. ನಾನು ಅವ್ವನ ಸೀರೆ ತೆಗೆದದ್ದೇ ತಡ, ಅತ್ತೆ ನೋಡಿದರು.

"ಏನದು?"

"ಕೂಸನ್ನ ಕಟಗೋಳಾಕ್ರಿ."

"ಚರಗಕ್ಕ ಹೊಂಟೀವೋ, ಊರ ಬಿಟ್ಟು ಹೊಂಟೀವೋ? ಎಳೀ ಕೂಸಿನ ಬೆನ್ನ ಬಗ್ಗಿಸಿ ಕಟ್ಟತಾರೇನ? ನನ್ನ ನಾಕೂ ಮಕ್ಕಳು ಬುಟ್ಟ್ಯಾಗ ಹೋಗ್ಯಾವ, ಬುಟ್ಟ್ಯಾಗ ಬಂದಾವ. ಯಾವದೂ ಡೊಂಕ ಆಗಿಲ್ಲ."

ಹೊರಗೆ ಹಗ್ಗ ಸುತ್ತುತ್ತಿದ್ದ ನಿಮ್ಮಜ್ಜ, "ಯವ್ವಾ, ಆಕಿಗೆ ಹೆಂಗ ಹಗರ ಆಗತೈತೋ ಹಂಗ ಒಯ್ಯಲಿ ಬಿಡು" ಅಂದರು.

"ನೀ ಹಡದೀಯೇನ? ಸುಮ್ಮನ ಹಗ್ಗ ಸುತ್ತು."

ಮಾತು ಮುಗಿಯಿತು. ಅತ್ತೆ ಬಿದಿರಿನ ಹೊಸ ಬುಟ್ಟಿ ತಂದು, ಕೌದಿಯ ತುಂಡು ಹಾಸಿ, ಕೂಸನ್ನು ಮಲಗಿಸಿ, ಮೇಲೆ ಬಿಳಿ ಧೋತರದ ಅರಿವೆ ಹೊದಿಸಿದರು. "ಹೊಲ ಮುಟ್ಟೂತನಕ ಅರಿವಿ ತಗೀಬ್ಯಾಡ. ಇವತ್ತ ಹಾದಿ ತುಂಬ ಮಂದಿ ಕಣ್ಣು" ಅಂದರು. ಚರಗದ ಬುಟ್ಟಿಗೂ ಅದೇ ಪದ್ಧತಿ. ದೇವರಿಗೆ ಎಡೆಯಾಗುವ ಮೊದಲು ಅಡುಗೆಯ ಮೇಲೆ ಯಾರ ದೃಷ್ಟಿಯೂ ಬೀಳಬಾರದೆಂದು ಅದನ್ನೂ ಬಿಳಿ ಅರಿವೆಯಿಂದಲೇ ಮುಚ್ಚುತ್ತಾರೆ.

ಅತ್ತೆಯ ತಲೆಯ ಮೇಲೆ ಅಡುಗೆ, ನನ್ನ ತಲೆಯ ಮೇಲೆ ಕೂಸು. ನಿಮ್ಮಜ್ಜ ಮುಂದೆ ಹೋಗಿದ್ದರು. ಹಾದಿಯ ತುಂಬ ಬುಟ್ಟಿ ಹೊತ್ತ ಹೆಂಗಸರು, ಅವರ ಹಿಂದೆ ಅಡುಗೆಯ ವಾಸನೆ ಹಿಡಿದ ನಾಯಿಗಳು. ಪಕ್ಕದ ಮನೆಯ ನೀಲವ್ವ ನಮ್ಮ ಜೊತೆಗೇ ಬರುತ್ತಿದ್ದಳು. ಬಲು ಬಾಯಿಯ ಹೆಣ್ಣುಮಗಳು. ಅವಳ ಬುಟ್ಟಿಯೂ ನಮ್ಮದೂ ಯಲಬುರ್ಗಿ ಸಂತೆಯಲ್ಲಿ ಒಬ್ಬನೇ ಮೇದಾರನ ಹತ್ತಿರ ಕೊಂಡವು.

ಹಳ್ಳದ ದಂಡೆಯಲ್ಲಿ ಎಲ್ಲರೂ ಬೇವಿನ ಮರದ ಕೆಳಗೆ ಬುಟ್ಟಿ ಇಳಿಸಿ ನೀರು ಕುಡಿದರು. ಅಷ್ಟು ಜನರ ನಡುವೆ ಹಾಲು ಕುಡಿಸಲು ನಾಚಿಕೆಯಾಗಿ ನಾನು ಕೂಸನ್ನು ಬಂಡೆಯ ಮರೆಗೆ ಒಯ್ದೆ. ಕುಡಿದು ಮಲಗಿದ ಮೇಲೆ ತಂದು ಬುಟ್ಟಿಯಲ್ಲಿಟ್ಟು, ಅರಿವೆ ಮುಚ್ಚಿ, ಮುಖ ತೊಳೆಯಲು ನೀರಿಗಿಳಿದೆ. ಅತ್ತೆಯೂ ಅಲ್ಲೇ ಮೊಣಕಾಲಿಗೆ ನೀರು ತಟ್ಟಿಕೊಳ್ಳುತ್ತಿದ್ದರು. ಆಗಲೇ ಆಚೆ ದಂಡೆಯಿಂದ ನೀಲವ್ವನ ಗಂಡ, "ಹೊತ್ತ ಏರೂತನಕ ಮಾತಾಡಕೋತ ನಿಂದರತೀಯೇನ?" ಎಂದು ಕೂಗಿದ. "ಬಂದ್ನೋ ಮಾರಾಯಾ, ಹೊಲ ಏನ ಓಡಿ ಹೊಕ್ಕೈತೇನ!" ಎನ್ನುತ್ತ ಅವಳು ಬುಟ್ಟಿ ಎತ್ತಿಕೊಂಡು ಹೋದಳು.

ನಾನು ಬಂದಾಗ ಮರದ ಕೆಳಗೆ ಬಿಳಿ ಅರಿವೆ ಮುಚ್ಚಿದ ಎರಡು ಬುಟ್ಟಿಗಳಿದ್ದವು. ಒಂದು ಅತ್ತೆಯದು, ಅದರಾಚೆ ನನ್ನದು. ಅತ್ತೆ ಕೈ ಹಚ್ಚಿ ನನ್ನ ತಲೆಯ ಮೇಲಿಟ್ಟು, "ಕೂಸು ಮೈ ಹಿಡದೈತಿ ನೋಡು, ಎಷ್ಟ ಭಾರ ಆಗೈತಿ" ಎಂದು ನಕ್ಕರು. ನನಗೂ ಭಾರ ಅನ್ನಿಸಿತು. ಆದರೆ ಆ ದಿನ ನನ್ನ ಸೆರಗೂ ನನಗೆ ಭಾರವಾಗಿತ್ತು.

ಹಳ್ಳ ದಾಟಿದ ಮೇಲೆ ಹಾದಿ ಎರಡಾಗುತ್ತದೆ. ನೀಲವ್ವನದು ಬಲಕ್ಕೆ, ನಮ್ಮದು ಎಡಕ್ಕೆ. ಹೊಲದವರೆಗೂ ಕೂಸು ಒಂದು ಸಲವೂ ಮಿಸುಕಲಿಲ್ಲ. ಪುಣ್ಯಾತ್ಮ ಕೂಸು, ಇವತ್ತು ಅವ್ವನ ಮೇಲೆ ಕರುಣೆ ತೋರಿದೆ ಎಂದುಕೊಂಡೆ. ಬನ್ನಿಗಿಡದ ನೆರಳಲ್ಲಿ ಬುಟ್ಟಿ ಇಳಿಸಿ, ಅದರ ಮೇಲೆ ಒಂದು ಕೈ ಇಟ್ಟು ಹಾಗೇ ಮಣ್ಣಿಗೆ ಒರಗಿದೆ. ನಿಮ್ಮಜ್ಜ ಐದು ಕಲ್ಲು ತೊಳೆದು ಪೂಜೆಗೆ ಇಡುತ್ತಿದ್ದರು. ಎಷ್ಟು ಹೊತ್ತಾಯಿತೋ, ಎದೆ ಹಾಲು ತುಂಬಿ ನೋಯತೊಡಗಿತು. ಇಷ್ಟು ಹೊತ್ತು ಮಲಗುವ ಕೂಸಲ್ಲವಲ್ಲ ಎಂದು ಅರಿವೆ ಸರಿಸಿದೆ.

ಒಳಗೆ ಹೋಳಿಗೆ ಇದ್ದವು. ಒಂದರ ಮೇಲೊಂದು ಹೋಳಿಗೆ, ಬದಿಗೆ ಕಡುಬು, ಒಂದು ಸಣ್ಣ ಗಡಿಗೆಯಲ್ಲಿ ಮೊಸರು.

ಅತ್ತೆಯ ಮುಂದೆ ಗಂಡನೊಂದಿಗೆ ಮಾತೇ ಆಡದಿದ್ದ ನಾನು, "ಏನ್ರೀ, ಕೂಸಿಲ್ರೀ!" ಎಂದು ಹೊಲವೆಲ್ಲ ಕೇಳುವಂತೆ ಚೀರಿದೆನಂತೆ. ನನಗೆ ಅದು ನೆನಪಿಲ್ಲ. ಅತ್ತೆ ಬುಟ್ಟಿಯೊಳಗೆ ನೋಡಿ, "ನೀಲವ್ವನ ಬುಟ್ಟಿ... ಅಯ್ಯೋ ಶಿವನೇ, ನಾಯಿ!" ಅಂದರು. ಆ ಮಾತಿಗೆ ನನ್ನ ಕಾಲು ಓಡಿದವು. ಎದೆಮಟ್ಟ ಜೋಳದಲ್ಲಿ ಅಡ್ಡ ಹಾಯ್ದು ನಿಮ್ಮಜ್ಜ ಮುಂದೆ, ನಾನು ಹಿಂದೆ. ಜೋಳದ ಗರಿ ಮುಖ ಕೊಯ್ದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಅರ್ಧ ಹಾದಿಯಲ್ಲಿ ಎದುರಿನಿಂದ ನೀಲವ್ವ ಓಡಿ ಬರುತ್ತಿದ್ದಳು. ಕೈಯಲ್ಲಿ ಬುಟ್ಟಿ ಇರಲಿಲ್ಲ. ಹತ್ತಿರ ಬಂದಾಗ ಕಂಡಿತು: ಅವಳ ಸೆರಗು ಎದೆಗೆ ಬಿಗಿಯಾಗಿ ಸುತ್ತಿತ್ತು, ಅದರೊಳಗಿಂದ ಒಂದು ಸಣ್ಣ ತಲೆ.

"ಅದಾಳ, ಅದಾಳವ್ವಾ, ಅಳಬ್ಯಾಡ! ಬುಟ್ಟಿ ಇಟ್ಟು ಬಾವಿಗಿ ಹೋಗಿದ್ದೆ. ಹಿಂದ ನೋಡಿದ್ರ ನಾಯಿ ಅರಿವಿ ಎಳ್ಯಾಕ ಹತ್ತಿತ್ತು. ಹೋಗಲಿ, ಎರಡು ಹೋಳಗಿ ತಿಂದೀತು ಅಂತ ಇದ್ದೆ. ಅಷ್ಟರಾಗ ಬುಟ್ಟಿ ಅತ್ತಿತು! ಹೋಳಗಿ ಎಲ್ಲ್ಯಾರ ಅಳತಾವೇನ ನನ್ನವ್ವಾ? ಕೈಯಾಗಿನ ಕೊಡಾನೇ ನಾಯಿಗಿ ಒಗದ್ನಿ, ಕೊಡ ನೆಗ್ಗಿ ಹೋತು." ಹೇಳುತ್ತ ಹೇಳುತ್ತ ಅವಳೂ ಅಳತೊಡಗಿದಳು.

ಸೆರಗು ಬಿಚ್ಚಿ ಕೊಟ್ಟಳು. ಅವಳ ಎದೆಗೆ ಹತ್ತಿ ಅಷ್ಟು ದೂರ ಕುಲುಕಿ ಬಂದರೂ ನಿಮ್ಮ ಶಾಂತತ್ತಿ ಬೆಚ್ಚಗೆ ನಿದ್ದೆ ಮಾಡುತ್ತಿದ್ದಳು. ನಾನು ಅಲ್ಲೇ ಎರೆಮಣ್ಣಿನಲ್ಲಿ ಕೂತು ಕೂಸನ್ನು ಎದೆಗೊತ್ತಿಕೊಂಡೆ. ನಿಮ್ಮಜ್ಜ ಮುಖ ತಿರುಗಿಸಿ ನಿಂತು ಬಹಳ ಹೊತ್ತು ಜೋಳದ ತೆನೆ ನೋಡುತ್ತಿದ್ದರು.

ನೀಲವ್ವನ ಬುಟ್ಟಿ ಅವಳಿಗೆ ಕೊಟ್ಟು, ನಮ್ಮದು ತಂದು, ಚರಗ ಚೆಲ್ಲಿದೆವು, ಉಂಡೆವು. ಹೊರಡುವಾಗ ಅತ್ತೆ ಕೂಸನ್ನು ನನ್ನ ಕೈಯಿಂದ ತೆಗೆದುಕೊಂಡು, ತಮ್ಮ ಸೆರಗಿನಲ್ಲಿ ತಾವೇ ಎದೆಗೆ ಕಟ್ಟಿಕೊಂಡರು. ಖಾಲಿ ಬುಟ್ಟಿಗಳನ್ನು ಮಗನ ತಲೆಯ ಮೇಲಿಟ್ಟರು. ನನಗೆ, "ನೀ ಖಾಲಿ ಕೈಲೆ ನಡಿ. ಭಾಳ ದಣದೀಯವ್ವ" ಅಂದರು. ಆ ಮನೆಗೆ ಬಂದ ಮೇಲೆ ನಾನು ದಣಿದಿದ್ದೇನೆ ಎಂದು ಬಾಯಿಬಿಟ್ಟು ಅಂದವರು ಅವರೇ ಮೊದಲು. ಮರುದಿನ ನನ್ನ ಅವ್ವನ ಸೀರೆಯನ್ನು ಅವರೇ ತೆಗೆದು, ಹರವಿ, ಹಿಂದೆ ಗಂಟು ಹೇಗೆ ಬರಬೇಕೆಂದು ತೋರಿಸಿದರು. ಆ ಸೀರೆಯಲ್ಲಿ ನನ್ನ ಐದೂ ಮಕ್ಕಳು ಬೆಳೆದವು.

ಅಂಗಡಿಯ ಚೀಲಗಳಲ್ಲಿ ಯಾವುದು ಛಲೋ ಎನ್ನುವುದು ನನಗೆ ತಿಳಿಯದು. ಕೂಸಿನ ಉಸಿರು ನಿಮ್ಮ ಮೈಗೆ ತಾಗುವಂಥದ್ದು ಯಾವುದೋ ಅದನ್ನು ತಗೊಳ್ಳಿರಿ. ಇನ್ನೊಂದು ಮಾತು. ಕೂಸು ಸುಮ್ಮನೆ ಮಲಗಿದಾಗ ನಾನು ಎದ್ದು ಹೋಗಿ ಹೊದಿಕೆ ಸರಿಸಿ ನೋಡುತ್ತೇನೆ, ನೀವು "ಆಯಿ, ಮಲಗಿದ ಕೂಸನ್ನ ಎಬ್ಬಸಬ್ಯಾಡ" ಎಂದು ಬೈಯುತ್ತೀರಿ. ಬೈಯಿರಿ. ತಲೆಯ ಮೇಲೆ ಹೋಳಿಗೆ ಹೊತ್ತುಕೊಂಡು, ನನ್ನ ಕೂಸು ಎಷ್ಟು ಸುಮ್ಮನಿದೆ ಎಂದು ಸಂತೋಷಪಟ್ಟು ನಡೆದವಳು ನಾನು.