ಅವಳ ಬಾಯಲ್ಲಿ ನನ್ನ ದನಿ

ತೊಂಬತ್ತರ ದಶಕದ ನಡುವಿನ ಮಾತು. ನಾವಾಗ ಡೊಂಬಿವಲಿ ಪೂರ್ವದಲ್ಲಿ, ಒಂದು ಕೋಣೆ ಮತ್ತು ಅಡುಗೆಮನೆಯ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಗಂಡ ಥಾಣೆಯ ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಗುಮಾಸ್ತ. ನಾನು ಹಗಲಿಗೆ ಮಕ್ಕಳಿಗೆ ಟ್ಯೂಷನ್ ಹೇಳಿ, ಸಂಜೆ ಕನ್ನಡ ಸಂಘದ ನಾಟಕಗಳಲ್ಲಿ ನಾಯಕಿಯಾಗುತ್ತಿದ್ದೆ. ಕಲ್ಯಾಣದಿಂದ ಕೋಪರಿಯವರೆಗೆ ಕನ್ನಡದವರ ಮನೆಗಳಲ್ಲಿ ನನ್ನನ್ನು ಪಾತ್ರದ ಹೆಸರಿನಿಂದಲೇ ಕರೆಯುವವರಿದ್ದರು. ಗಂಡ ತಾಲೀಮಿನ ಕೋಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದು, ಮುಗಿದ ಮೇಲೆ ನನ್ನನ್ನು ಮನೆಗೆ ಕರೆದೊಯ್ಯುತ್ತಿದ್ದರು. ಹೇಗಿತ್ತು ಎಂದು ಕೇಳಿದರೆ "ಲಾಯ್ಕಿತ್ತು" ಎನ್ನುವುದು ಬಿಟ್ಟು ಬೇರೆ ಮಾತಿಲ್ಲ.

ನಮ್ಮ ನಾಟಕಗಳ ನಿರ್ದೇಶಕರು ವಿಜಾಪುರದ ಕಡೆಯವರು, ಕಂಪನಿಯೊಂದರಲ್ಲಿ ಡ್ರಾಫ್ಟ್ಸ್‌ಮನ್. ಒಂದು ವರ್ಷ ಅವರಿಗೆ ಸಿನಿಮಾ ಮಾಡುವ ಹುಚ್ಚು ಹತ್ತಿತು. ಸ್ನೇಹಿತರಿಂದ ಕೂಡಿಸಿದ ದುಡ್ಡು, ಎರವಲು ಕ್ಯಾಮರಾ, ರಜಾ ದಿನಗಳಲ್ಲಿ ಶೂಟಿಂಗ್. ಊರಿನಿಂದ ಬಂದು ನವಿ ಮುಂಬಯಿಯ ಅರೆಬರೆ ಕಟ್ಟಡದಲ್ಲಿ ವಾಚ್‌ಮನ್ ಆದವನು ಮತ್ತು ಅಲ್ಲೇ ಇಟ್ಟಿಗೆ ಹೊರುವ ಅವನ ಹೆಂಡತಿಯ ಕಥೆ. ಆ ಹೆಂಡತಿ ನಾನೇ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಬಿಸಿಲಿನಲ್ಲಿ ಮೈ ಕಪ್ಪಾಗಲೆಂದು ಟೆರೇಸಿನಲ್ಲಿ ಬಟ್ಟೆ ಒಣಹಾಕುವ ನೆಪದಲ್ಲಿ ನಿಲ್ಲತೊಡಗಿದ್ದೆ.

ಒಂದು ಭಾನುವಾರ ನಿರ್ದೇಶಕರು ಮನೆಗೆ ಬಂದರು. ಗಂಡ ನೆಲದ ಮೇಲೆ ಕೂತು ಸ್ಟವ್ ಬಿಚ್ಚಿ ಪಿನ್ನು ಹಾಕುತ್ತಿದ್ದರು. ನಾನು ಕೊಟ್ಟ ಅವಲಕ್ಕಿಯನ್ನು ಕೈಯಲ್ಲೇ ಹಿಡಿದುಕೊಂಡು ನಿರ್ದೇಶಕರು ಅವರನ್ನೇ ನೋಡುತ್ತ ಕೂತರು.

"ಇವ್ರ ಮಾರಿ ನೋಡ್ರಿ," ಎಂದರು ನನಗೆ. "ಏನೂ ಮಾಡಂಗಿಲ್ಲ ಇವ್ರು. ಸುಮ್ನ ಕುಂತಾರ. ಆದ್ರೂ ನೋಡ್ಬೇಕನಸ್ತದ. ನನ್ನ ವಾಚ್‌ಮನ್ ಇವ್ರ ರೀ!"

ನಾನು ನಕ್ಕೆ. ಗಂಡನೂ ನಕ್ಕರು. "ನನಗೆಂತ ಗೊತ್ತುಂಟು ಮಾರಾಯ್ರೆ ಆಕ್ಟಿಂಗು? ನಾನು ಕನ್ನಡ ಮಾತಾಡಿದ್ರೆ ಉಡುಪಿಯ ವಾಚ್‌ಮನ್ ಆಗ್ತದೆ."

"ಮಾತು ಆಮ್ಯಾಲೆ ನಾ ತುಂಬತೀನಿ. ನಿಮ್ಮ ಮಾರಿ ಅಷ್ಟ ಕೊಡ್ರಿ."

"ಹಾಗಾದರೆ ಹೆಂಡತಿ?" ಎಂದು ನಾನೇ ಕೇಳಬೇಕಾಯಿತು.

ಅವರು ಅವಲಕ್ಕಿ ಬಾಯಿಗೆ ಹಾಕಿಕೊಂಡರು. ಕಲ್ಯಾಣದಲ್ಲಿ ಒಬ್ಬಳು ಮರಾಠಿ ಹುಡುಗಿ ಸಿಕ್ಕಿದ್ದಾಳೆ, ಕಾಲೇಜು ಓದುತ್ತಿದ್ದಾಳೆ, ಕನ್ನಡದ ಒಂದಕ್ಷರ ಬರುವುದಿಲ್ಲ ಎಂದರು. "ನಿಮ್ಮದು ಸ್ಟೇಜಿನ ಮುಖ ನೋಡ್ರಿ. ಕಡೀ ಸಾಲಿನ್ಯಾವಗೂ ಕಾಣಸ್ತದ. ಕ್ಯಾಮರಾಕ್ಕ ಅಷ್ಟು ಬ್ಯಾಡ."

ಹೊಗಳಿದರೋ ಬಿಟ್ಟುಬಿಟ್ಟರೋ ತಿಳಿಯುವಷ್ಟರಲ್ಲಿ ಅವರು ತಟ್ಟೆ ಕೆಳಗಿಟ್ಟು ಎದ್ದಾಗಿತ್ತು.

ಆಮೇಲಿನ ಭಾನುವಾರಗಳಲ್ಲಿ ಗಂಡ ಶೂಟಿಂಗಿಗೆಂದು ಐರೋಲಿಯ ಅರೆಬರೆ ಕಟ್ಟಡಕ್ಕೆ ಹೊರಡುವರು, ನಾನು ಡಬ್ಬಿ ಕಟ್ಟಿ ಕೊಡುವೆ. ಸಂಜೆ ಅಂಗಿಯ ಕಾಲರಿನಲ್ಲಿ ಸಿಮೆಂಟಿನ ಪುಡಿ, ಕಿವಿಯ ಹಿಂದೆ ಮೇಕಪ್ಪಿನ ಬಣ್ಣ. ಏನು ಮಾಡಿದಿರಿ ಎಂದರೆ "ನಡೆ ಅಂದ್ರು, ನಡೆದೆ." ಅವಳು ಹೇಗೆ ಎಂದರೆ "ಪಾಪದ ಹುಡುಗಿ." ಪಾಪದ, ಅಂದರೆ ಅವರ ಊರಿನ ಮಾತಿನಲ್ಲಿ ಸಾಧು, ಎಂಬ ಆ ಒಂದು ಶಬ್ದವನ್ನು ಇಡೀ ವಾರ ಅಗಿಯುತ್ತ ಕೂರುತ್ತಿದ್ದೆ. ಹುಡುಗಿಯ ಮೇಲೆ ಗಂಡನಿಗೆ ಏನಾದರೂ ಇದೆಯೆಂದು ನನಗೆ ಅನಿಸಲಿಲ್ಲ. ನನಗೆ ಸಿಟ್ಟು ಬಂದದ್ದು ಬೇರೆಯದಕ್ಕೆ. ಇಷ್ಟು ವರ್ಷ ಗಂಟಲು ಹರಿದುಕೊಂಡು, ಕನ್ನಡಿಯ ಮುಂದೆ ಅತ್ತು, ನಾನು ಕಲಿತದ್ದು ಈ ಮನುಷ್ಯನಿಗೆ ಸ್ಟವ್ ರಿಪೇರಿ ಮಾಡುತ್ತ ಕೂತಲ್ಲೇ ಹೇಗೆ ಸಿಕ್ಕಿತು?

ಶೂಟಿಂಗ್ ಮುಗಿದ ಮೇಲೆ ನಿರ್ದೇಶಕರು ಮತ್ತೆ ಬಂದರು. ಹುಡುಗಿಗೆ ದನಿ ಕೊಡಬೇಕು. ಅವರ ನಾಟಕಗಳಿಂದ ವಿಜಾಪುರದ ಮಾತು ನನ್ನ ನಾಲಿಗೆಗೆ ಕೂತಿದೆ. ಬೇರೆಯವರು ಯಾರೂ ಇಲ್ಲ ಎಂದರು. ಇಲ್ಲ ಎನ್ನಬೇಕೆಂದು ಬಾಯಿ ತೆರೆದವಳು "ಯಾವಾಗ?" ಎಂದೆ. ಅವಳನ್ನು ನೋಡಬೇಕಿತ್ತು.

ದಾದರಿನ ಡಬ್ಬಿಂಗ್ ಕೋಣೆಯಲ್ಲಿ ನೋಡಿದೆ. ಸಣ್ಣ ಪರದೆ, ಕತ್ತಲು. ಒಂದೇ ತುಣುಕು ಮತ್ತೆ ಮತ್ತೆ ತಿರುಗುತ್ತಿತ್ತು. ಗಂಡ ಮೆಟ್ಟಿಲ ಮೇಲೆ ಕೂತಿದ್ದಾರೆ, ಅವಳು ಕೊಡ ಇಳಿಸಿ ಎದುರಿಗೆ ನಿಲ್ಲುತ್ತಾಳೆ, ಅವರು ತಲೆಯೆತ್ತಿ ನೋಡುತ್ತಾರೆ. ಆ ನೋಟ! ಮದುವೆಯಾಗಿ ಅಷ್ಟು ವರ್ಷದಲ್ಲಿ ಆ ನೋಟ ನನ್ನ ಕಡೆ ಬಂದದ್ದು ನೆನಪಾಗಲಿಲ್ಲ. ಗಂಡನ ತುಟಿಗೆ ನಿರ್ದೇಶಕರು "ದಣಿವಾತೇನು?" ಎಂದು ದನಿ ಕೊಟ್ಟರು. ಅವಳ ತುಟಿಗೆ ನಾನು "ನೀವು ನೋಡಿದ್ರಿ, ದಣಿವು ಹೋತು" ಎನ್ನಬೇಕು. ಎಷ್ಟು ಸಲ ಹೇಳಿದರೂ ಸರಿ ಬರಲಿಲ್ಲ.

"ಸಿಟ್ಟಿನ್ಯಾಗ ಹೇಳ್ಬ್ಯಾಡ್ರಿ," ಎಂದರು ನಿರ್ದೇಶಕರು. "ಆಕಿಗೆ ಅಂವ ಗಂಡ."

"ನನಗೂ ಗಂಡನೇ," ಎಂದೆ. ಅವರು ನಕ್ಕುಬಿಟ್ಟರು. ಮುಂದಿನ ಟೇಕ್ ಓಕೆ ಆಯಿತು.

ಬಿಡುಗಡೆಯೆಂದರೆ ಡೊಂಬಿವಲಿಯ ಥಿಯೇಟರಿನಲ್ಲಿ ಒಂದು ಭಾನುವಾರದ ಮಾರ್ನಿಂಗ್ ಶೋ. ಅದು ಎರಡು ಸಲ ಮುಂದಕ್ಕೆ ಹೋಯಿತು. ಕಾದು ಕಾದು ಎಲ್ಲರ ಉತ್ಸಾಹ ಉಕ್ಕಿತೇ ಹೊರತು ಇಳಿಯಲಿಲ್ಲ. ಟಿಕೆಟ್ ಮಾರುವ ಕೆಲಸ ನಮ್ಮದೇ. ಕೋಪರಿಯ ಹೋಟೆಲಿನವರ ಮನೆಗಳಿಗೆ, ಕೋಪರಖೈರಣೆಯಲ್ಲಿ ಮಾರ್ಕೆಟ್ ಗುಮಾಸ್ತರ ಬಿಲ್ಡಿಂಗುಗಳಿಗೆ ನಾನೂ ಹೋದೆ. ಬಾಗಿಲು ತೆರೆದವರೆಲ್ಲ "ಹೀರೋಯಿನ್ ನೀವೇ ಅಲ್ವಾ?" ಎನ್ನುವರು. ಅಲ್ಲ ಎಂದರೆ "ಓ, ಯಜಮಾನ್ರು ಹೀರೋ ಅಂತೆ!" ಎಂದು ಒಳಗೆ ಕರೆದು ಚಹಾ ಕೊಡುವರು.

ಆ ಬೆಳಿಗ್ಗೆ ಥಿಯೇಟರ್ ತುಂಬಿತು. ಗಂಡ ಮದುವೆಯ ಸೂಟಿನಲ್ಲಿ, ಅದು ಹೊಟ್ಟೆಯ ಹತ್ತಿರ ಬಿಗಿ. ಹುಡುಗಿ ಹಸಿರು ಸೀರೆಯಲ್ಲಿ ತಾಯಿಯ ಪಕ್ಕ. ರೀಲು ನಡುವೆ ಒಮ್ಮೆ ಕಡಿದು ಜನ ಸಿಳ್ಳೆ ಹಾಕಿದರು. ಅಳಬೇಕಾದಲ್ಲಿ ಹಿಂದಿನ ಸಾಲಿನವರು ನಕ್ಕಾಗ, ನಿಜ ಹೇಳುತ್ತೇನೆ, ನನಗೆ ಹಾಯೆನಿಸಿತು. ಆದರೆ ಮೆಟ್ಟಿಲಿನ ದೃಶ್ಯ ಬಂದಾಗ ಎದುರಿನ ಸಾಲಿನವರೆಲ್ಲ ಮುಂದಕ್ಕೆ ಬಾಗಿದರು. ನಾನು ಮಾತಾಡಿದೆ, ಅವಳ ಬಾಯಲ್ಲಿ. ಸಿನಿಮಾಕ್ಕೆಂದೇ ಊರಿನಿಂದ ಬಂದು ಪಕ್ಕದಲ್ಲಿ ಕೂತಿದ್ದ ನನ್ನ ಅತ್ತೆ ಸೆರಗಿನಿಂದ ಕಣ್ಣೊರೆಸಿ ತುಳುವಿನಲ್ಲಿ ಪಿಸುಗುಟ್ಟಿದರು: ಎಂಥ ಸ್ವರ ಈ ಹುಡುಗಿಯದ್ದು!

ಕೊನೆಯಲ್ಲಿ ನನ್ನ ಹೆಸರು ಬರುವಷ್ಟರಲ್ಲಿ ದೀಪ ಹತ್ತಿ, ಜನ ಎದ್ದು ಚಪ್ಪಲಿ ಹುಡುಕುತ್ತಿದ್ದರು. ಹೊರಗೆ ಗಂಡನ ಕೈ ಕುಲುಕಲು ಸಾಲು. ಹುಡುಗಿಯ ಸುತ್ತ ಹೆಂಗಸರು. ನಾನು ಅತ್ತೆಯನ್ನು ರಿಕ್ಷಾ ಹತ್ತಿಸಿದೆ.

ಮನೆಯಲ್ಲಿ ಸೂಟು ಬಿಚ್ಚುತ್ತಿದ್ದ ಗಂಡನನ್ನು ಕೇಳಿಯೇಬಿಟ್ಟೆ. "ಮೆಟ್ಟಿಲ ಮೇಲೆ ಅವಳನ್ನು ಹಾಗೆ ನೋಡಿದಿರಲ್ಲ, ಎಲ್ಲಿ ಕಲಿತಿರಿ?"

"ನನ್ನ ಮುಖ ಮಾತ್ರ ತೆಗೆದ ದಿನ ಅವಳು ಬರಲೇ ಇಲ್ಲ ಮಾರಾಯ್ತಿ. ಪರೀಕ್ಷೆಯೋ ಎಂತದೋ. ಅವರು ಒಂದು ಪೊರಕೆ ಎತ್ತಿ ಹಿಡಿದು, ಇದರ ತುದಿ ನೋಡಿ ಅಂದ್ರು. ಮಧ್ಯಾಹ್ನ ಆಗಿತ್ತು. ನನಗೆ ನಿನ್ನ ಡಬ್ಬಿಯದ್ದೇ ಧ್ಯಾನ."

ನಗಬೇಕಿತ್ತು. ಆದರೆ ಡಬ್ಬಿಗೆ ಅಂಥ ನೋಟ ಸಿಕ್ಕಿತಲ್ಲ ಎಂದು ಅದರ ಮೇಲೂ ಹೊಟ್ಟೆ ಉರಿಯಿತು.

ತಿಂಗಳೊಳಗೆ ವಾಶಿಯ ಕನ್ನಡದವರು ಹುಡುಗಿಗೂ ನನ್ನ ಗಂಡನಿಗೂ ಸನ್ಮಾನ ಇಟ್ಟುಕೊಂಡರು. ಹಿಂದಿನ ದಿನ ಹುಡುಗಿ ಪೇಡೆ ಹಿಡಿದು ನಮ್ಮ ಮನೆಗೆ ಬಂದಳು. "ತಾಈ, ಮಲಾ ದೋನ್ ವಾಕ್ಯ ಶಿಕ್ವಾ ನಾ," ಎಂದಳು. ಅಕ್ಕಾ, ಎರಡು ವಾಕ್ಯ ಕನ್ನಡ ಕಲಿಸಿ ಎಂದು. ಅವಳ ಸ್ವಂತ ದನಿ ಒಡಕು, ನೆಗಡಿಯಾದಂತೆ. ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಸಂಜೆಯವರೆಗೆ ಕೂರಿಸಿ ಚೆನ್ನಾಗಿಯೇ ಕಲಿಸಿದೆ. ನಾಳೆ ಸಭೆಗೇ ಗೊತ್ತಾಗುತ್ತದಲ್ಲ ಎಂಬ ಧೈರ್ಯ.

ಗೊತ್ತಾಯಿತು. ಶಾಲು ಹೊದೆದು ಅವಳು ಮೈಕಿನ ಮುಂದೆ "ನಿಮ್ಮೆಲ್ಲರಿಗೆ ನಮಸ್ಕಾರ" ಎಂದದ್ದೇ ತಡ, ಸಭೆಯಲ್ಲಿ ಗುಜುಗುಜು ಎದ್ದಿತು. ಅವಳು ತಬ್ಬಿಬ್ಬಾದಳು. ಸುತ್ತ ನೋಡಿ, ಮೂರನೇ ಸಾಲಿನಲ್ಲಿದ್ದ ನನ್ನತ್ತ ಕೈ ತೋರಿಸಿದಳು.

"ಆವಾಜ್ ತ್ಯಾಂಚಾ ಆಹೇ. ದನಿ ಅವರದು. ನಾನು ಬರೀ ಬಾಯಿ ಆಡಿಸಿದೆ." ಕಲಿಸದಿದ್ದ ಆ ವಾಕ್ಯವನ್ನು ಎಲ್ಲಿಂದ ತಂದಳೋ. ಕೆಳಗಿಳಿದು ಬಂದು ನನ್ನ ಕೈ ಹಿಡಿದು ವೇದಿಕೆಗೆ ಕರೆದೊಯ್ದು, ತನ್ನ ಶಾಲನ್ನು ನನಗೆ ಹೊದಿಸಿದಳು.

ಚಪ್ಪಾಳೆ ಜೋರಾಗಿತ್ತು. ಎಷ್ಟು ದಿನದಿಂದ ಅದಕ್ಕೇ ಕಾದಿದ್ದೆ. ಆದರೆ ವೇದಿಕೆಯ ಮೇಲೆ ನಿಂತವರಿಗೆ ಚಪ್ಪಾಳೆ ಯಾರ ಕಡೆ ಹೋಗುತ್ತಿದೆಯೆಂದು ತಿಳಿಯುತ್ತದೆ. ಜನರೆಲ್ಲ ಅವಳನ್ನೇ ನೋಡುತ್ತಿದ್ದರು. ಎಂಥ ಒಳ್ಳೆಯ ಹುಡುಗಿ ಎಂದು ಮುಂದಿನ ಸಾಲಿನ ಹೆಂಗಸೊಬ್ಬರು ಹೇಳಿದ್ದು ನನಗೆ ಕೇಳಿಸಿತು.

ಸಿನಿಮಾ ಮತ್ತೆಲ್ಲೂ ಓಡಲಿಲ್ಲ. ಗಂಡ ಸ್ಟೋರ್ಸ್‌ಗೆ ಮರಳಿದರು. ಇನ್ನೊಂದು ಚಿತ್ರಕ್ಕೆ ಯಾರೋ ಕೇಳಿದಾಗ ರಜೆ ಇಲ್ಲವೆಂದರು. ಮುಂದಿನ ನಾಟಕಕ್ಕೆ ನಿರ್ದೇಶಕರು ನನ್ನನ್ನೇ ಕರೆದರು, ಹೋದೆ. ಹುಡುಗಿ ನೋಡಲು ಬಂದು, ಮುಗಿದ ಮೇಲೆ ಗ್ರೀನ್‌ರೂಮಿನಲ್ಲಿ ನನ್ನ ಕಾಲು ಮುಟ್ಟಿದಳು. ಅವಳ ಕನ್ನಡ ಆಗಲೇ ಸುಧಾರಿಸಿತ್ತು.