ಪರೇಡಿಗೆ ಹೋದ ಸೋದರಮಾವ

ಚುನಾವಣೆ ಬಂತೆಂದರೆ ಬೇರೆಯವರ ಮನೆಗೆ ಮತ ಕೇಳುವವರು ಬರುತ್ತಿದ್ದರು. ಜೋಗುಪಾಳ್ಯದ ನಮ್ಮ ಮನೆಗೆ ಅವರಿಗಿಂತ ಮೊದಲು ಪೊಲೀಸ್ ಪೇದೆ ಬರುತ್ತಿದ್ದರು. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಿಡುವ ಹೊತ್ತು, ಬೀದಿಯ ಹೆಂಗಸರೆಲ್ಲ ಬಿಂದಿಗೆ ಹಿಡಿದು ನಿಂತಿರುವಾಗಲೇ, "ಅಮ್ಮಾ, ನಿಮ್ ತಮ್ಮನ್ನ ಸ್ಟೇಶನ್‌ಗೆ ಕಳ್ಸಿ, ಪರೇಡ್ ಇದೆ" ಎನ್ನುತ್ತಿದ್ದರು. ಗಣೇಶನ ಹಬ್ಬಕ್ಕೂ ಹಾಗೇ. ಬೀದಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಆದರೂ ನಾನು ಅರ್ಧ ತುಂಬಿದ ಬಿಂದಿಗೆಯನ್ನೇ ಎತ್ತಿಕೊಂಡು ತಲೆ ತಗ್ಗಿಸಿ ಒಳಗೆ ಓಡುತ್ತಿದ್ದೆ.

ರೌಡಿ ಪರೇಡ್ ಎಂದರೆ ಠಾಣೆಯ ರೌಡಿ ಪಟ್ಟಿಯಲ್ಲಿರುವವರನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ, ಬಾಲ ಬಿಚ್ಚಬೇಡಿ ಎಂದು ಬೈದು ಕಳಿಸುವುದು. ಅಮ್ಮನ ತಮ್ಮ, ನನ್ನ ಸೋದರಮಾವ, ತೊಂಬತ್ತರ ದಶಕದ ಮೊದಲಲ್ಲಿ ಹಲಸೂರು ಮಾರ್ಕೆಟ್ಟಿನ ಹತ್ತಿರ ಒಂದು ಜಗಳದಲ್ಲಿ ಒಬ್ಬನಿಗೆ ಚಾಕು ಹಾಕಿದ್ದ. ಆ ಮನುಷ್ಯ ಬದುಕಿಕೊಂಡ, ಎಡಗೈ ಮಾತ್ರ ಮತ್ತೆ ಮೇಲೇಳಲಿಲ್ಲ. ಸಾಕ್ಷಿ ಹೇಳುವವರಿಲ್ಲದೆ ಕೇಸು ಬಿದ್ದುಹೋಯಿತು. ಪಟ್ಟಿಯಲ್ಲಿ ಹೆಸರು ಉಳಿಯಿತು. ಸ್ನೇಹಿತರ ಮಾತು ಕೇಳಿ ಕೆಟ್ಟ ಎಂದು ಅಮ್ಮ ಹೇಳುತ್ತಿದ್ದಳು. ಮಾವ ಯಾರ ಮೇಲೂ ತಪ್ಪು ಹೊರಿಸುತ್ತಿರಲಿಲ್ಲ. "ಮಾಡಿದ್ದುಣ್ಣೋ ಮಹರಾಯ" ಎಂದು ತನ್ನನ್ನೇ ಆಡಿಕೊಳ್ಳುತ್ತಿದ್ದ.

ಆ ಕಾಲದ ಹೊಡೆದಾಟವೆಲ್ಲ ಬೀದಿಯಲ್ಲಿ. ಮಚ್ಚು ಹಿಡಿದವನು ಯಾರ ಮಗ, ಯಾರ ಮೇಲೆ ಯಾಕೆ ಸಿಟ್ಟು, ಎಲ್ಲವೂ ಎಲ್ಲರಿಗೂ ಗೊತ್ತು. ಅಂಗಡಿಯವರು ಒಬ್ಬರಾದ ಮೇಲೊಬ್ಬರು ಶಟರ್ ಎಳೆಯುವ ಸದ್ದು ಕೇಳಿದರೆ ನಾವೂ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆವು. ಬರಬರುತ್ತಾ ಅದು ಕಡಿಮೆಯಾಯಿತು. ಆ ಹುಡುಗರಲ್ಲಿ ಕೆಲವರು ಸತ್ತರು, ಕೆಲವರು ಕೆ.ಆರ್. ಪುರದ ಕಡೆ ಸೈಟು ವ್ಯವಹಾರಕ್ಕಿಳಿದು, ಬಿಳಿ ಅಂಗಿ ತೊಟ್ಟು ಲೀಡರುಗಳಾದರು. ಎರಡು ಸಾವಿರದ ಇಸವಿಯಿಂದೀಚೆಗೆ ಭಯ ಬೀದಿಯಿಂದೆದ್ದು ಮನೆಯೊಳಗೆ ಬಂದು ಕೂತಿತು. ಇಂದಿರಾನಗರದಲ್ಲಿ ಒಂಟಿ ಮುದುಕಿಯನ್ನು ಹಾಡಹಗಲೇ ಕೊಂದು ಒಡವೆ ದೋಚಿದರಂತೆ, ಯಾರೆಂದು ಯಾರಿಗೂ ಗೊತ್ತಿಲ್ಲವಂತೆ.

ಅಷ್ಟರಲ್ಲಿ ಮಾವ ವೆಲ್ಡಿಂಗ್ ಕಲಿತು ಗ್ರಿಲ್ ಮಾಡುವ ಅಂಗಡಿ ಇಟ್ಟಿದ್ದ. ಪೇಪರಿನಲ್ಲಿ ಇಂಥ ಸುದ್ದಿ ಬಂದಾಗೆಲ್ಲ ಅವನಿಗೆ ಕೈತುಂಬ ಕೆಲಸ. ಬೆನ್ಸನ್ ಟೌನಿನ ಹಳೆಯ ಬಂಗಲೆಗಳ ಕಿಟಕಿಗಳೂ ಅವನಿಂದ ಕಂಬಿ ಹಾಕಿಸಿಕೊಂಡವು. "ನನ್ನಂಥೋರಿಗೆ ಹೆದರ್ಕೊಂಡು ನನ್ನತ್ರಾನೇ ಗ್ರಿಲ್ ಮಾಡಿಸ್ತಾರೆ, ನೋಡು ಪುಟ್ಟಿ" ಎಂದು ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ. ನಾನು ಕಾಲೇಜು ಓದಿದ್ದೇ ಆ ಸಂಪಾದನೆಯಲ್ಲಿ.

ಒಮ್ಮೆ ಅಮ್ಮನಿಗೆ ಒಂದು ಉಪಾಯ ಹೊಳೆಯಿತು. ತಮ್ಮ ಮರ್ಯಾದಸ್ಥನಾಗಿದ್ದಾನೆ ಎಂದು ಇನ್‌ಸ್ಪೆಕ್ಟರ ಕಣ್ಣಿಗೆ ಬಿದ್ದರೆ ಪಟ್ಟಿಯಿಂದ ಹೆಸರು ತೆಗೆದಾರೆಂದು, ಬಿಳಿ ಅಂಗಿಗೆ ಗಂಜಿ ಹಾಕಿ, ಇಸ್ತ್ರಿ ಮಾಡಿ, ತೊಡಿಸಿ ಪರೇಡಿಗೆ ಕಳಿಸಿದಳು. ಆ ಸಾಲಿನಲ್ಲಿ ಬಿಳಿ ಅಂಗಿಯವನು ಅವನೊಬ್ಬನೇ. "ಏನೋ, ಲೀಡರ್ ಆಗ್ಬಿಟ್ಟಿದ್ದೀಯಾ?" ಎಂದು ಇನ್‌ಸ್ಪೆಕ್ಟರು ಅಂಗಿ ಬಿಚ್ಚಿಸಿ, ಬನಿಯನ್ನಿನಲ್ಲೇ ಬಿಸಿಲಿಗೆ ನಿಲ್ಲಿಸಿದರಂತೆ. ಮಾವ ಅಂಗಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಬಂದ. "ಇಸ್ತ್ರಿ ಚೆನ್ನಾಗಿತ್ತು ಕಣಕ್ಕಾ" ಎಂದ. ಅಮ್ಮ ಅವತ್ತು ಊಟ ಮಾಡಲಿಲ್ಲ.

ನನಗೆ ಗಂಡು ಗೊತ್ತಾದದ್ದು ಸಿ.ವಿ. ರಾಮನ್ ನಗರದಲ್ಲಿ. ಧಾರವಾಡದ ಕಡೆಯಿಂದ ಬಂದು ನೆಲೆಸಿದ ಜನ. ಅಪ್ಪ ತೀರಿಕೊಂಡಿದ್ದರಿಂದ ನಮ್ಮ ಕಡೆಗೆ ಮಾವನೇ ಹಿರಿಯ. ನಿಶ್ಚಿತಾರ್ಥದ ದಿನ ಹುಡುಗನ ತಂದೆ ಮಾವನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ಬಾಲ್ಕನಿಗೂ ಗ್ರಿಲ್ ಹಾಕಸಬೇಕರೀ. ಕಾಲ ಸರಿ ಇಲ್ಲ. ನೀವ ಮಾಡಿಕೊಡ್ರಿ" ಎಂದರು. ಮಾವನ ಮುಖ ಅರಳಿತು. ಪಟ್ಟಿಯ ವಿಷಯ ಅವರಿಗೆ ಹೇಳಿರಲಿಲ್ಲ. ಮದುವೆಯೊಂದು ಮುಗಿಯಲಿ ಎಂದು ಅಮ್ಮ ಎಲ್ಲರ ಬಾಯಿ ಕಟ್ಟಿದ್ದಳು.

ಮದುವೆಯ ಹೊತ್ತಿಗೆ ಸರಿಯಾಗಿ ಚುನಾವಣೆ ಬಂತು. ಪರೇಡು ಮದುವೆಯ ದಿನವೇ, ಭಾನುವಾರ ಬೆಳಿಗ್ಗೆ. ಅಮ್ಮ ಪೇದೆಯ ಮುಂದೆ ಕೈಮುಗಿದಳು. ಅವರಿಗೂ ಸಂಕೋಚ. "ಹೊಸ ಸಾಹೇಬ್ರಮ್ಮಾ. ಬರ್ಲಿಲ್ಲಾಂದ್ರೆ ಜೀಪ್ ಕಳಿಸ್ತಾರೆ. ಮಂಟಪಕ್ಕೆ ಜೀಪ್ ಬಂದ್ರೆ ನಿಮಗೇ ಚೆನ್ನಾಗಿರಲ್ಲ" ಎಂದರು. ಮಾವ ನನಗೆ, "ಮುಹೂರ್ತಕ್ಕೆ ಬಂದ್ಬಿಡ್ತೀನಿ ಪುಟ್ಟಿ" ಎಂದು ಹೇಳಿ ಹೋದ.

ನಮ್ಮಲ್ಲಿ ಮದುವಣಗಿತ್ತಿಯನ್ನು ಮಂಟಪಕ್ಕೆ ಕೈಹಿಡಿದು ಕರೆತರುವವನು ಸೋದರಮಾವ. ಪುರೋಹಿತರು ಅವನೆಲ್ಲಿ ಎಂದು ಕೇಳುತ್ತಲೇ ಇದ್ದರು. ಅಮ್ಮ ಬಾಗಿಲಿಗೂ ನನ್ನ ಕೋಣೆಗೂ ಓಡಾಡುತ್ತಿದ್ದಳು. ಕೊನೆಗೆ ಬಂದ, ಬೆವೆತುಹೋಗಿದ್ದ, ಎರಡೂ ಕೈ ಶಲ್ಯದೊಳಗೆ. ನಾನು ಕೈ ಚಾಚಿದೆ. ಅವನು ಹಿಂದೆಮುಂದೆ ನೋಡಿ ಕೈ ಹೊರಗೆ ತೆಗೆದ. ಹತ್ತು ಬೆರಳಿನ ತುದಿಯೂ ಕಪ್ಪಗಿತ್ತು. ಹೊಸ ಸಾಹೇಬರು ಎಲ್ಲರ ಬೆರಳಚ್ಚನ್ನೂ ಹೊಸದಾಗಿ ತೆಗೆಸಿದ್ದರು. ಆ ಮಸಿ ಸೋಪಿಗೆ ಹೋಗಿರಲಿಲ್ಲ. ನನ್ನ ಅರಿಶಿನದ ಕೈಗೂ ಹತ್ತಿತು.

ಮಂಟಪದ ಹತ್ತಿರ ಹುಡುಗನ ತಂದೆ ಅದನ್ನು ನೋಡಿದರು. "ಏನ್ರೀ ಇದು, ಕೈ ಎಲ್ಲಾ ಕರ್ರಗ?"

"ಗ್ರಿಲ್ ಪೇಂಟು, ನೆನ್ನೆ ಕೆಲಸ ಇತ್ತು" ಎಂದಳು ಅಮ್ಮ.

"ಪೇಂಟ್ ಅಲ್ಲ ರೀ" ಎಂದ ಮಾವ. "ಸ್ಟೇಶನ್ನಲ್ಲಿ ಬೆರಳಚ್ಚು ತಗೊಂಡ್ರು. ವಯಸ್ಸಲ್ಲಿ ಒಬ್ಬನಿಗೆ ಚಾಕು ಹಾಕಿದ್ದೆ. ಈ ಕೈಯಲ್ಲಿ ಹುಡುಗೀನ ಕೊಡುವಾಗ ಸುಳ್ಳು ಬೇಡ."

ವಾಲಗದವರು ಸಹ ಊದುವುದನ್ನು ನಿಲ್ಲಿಸಿದ್ದರು. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಹುಡುಗನ ತಂದೆ ಮಗನ ಮುಖ ನೋಡಿದರು. ಮಗ ಹೂಂ ಎಂಬಂತೆ ತಲೆಯಾಡಿಸಿದ. "ಮುಹೂರ್ತ ಮೀರತೈತಿ, ಕರಕೊಂಡ ಬರ್ರಿ" ಎಂದು ಅವರು ಪಕ್ಕಕ್ಕೆ ಸರಿದರು. ಮದುವೆ ನಡೆಯಿತು. ಆ ವಿಷಯಕ್ಕೆ ಅವರು ನನಗೆ ಇವತ್ತಿನವರೆಗೂ ಒಂದು ಕೆಟ್ಟ ಮಾತೂ ಅಂದವರಲ್ಲ.

ಆ ವರ್ಷದ ದೀಪಾವಳಿಗೆ ಮಾವ ನನ್ನ ಗಂಡನ ಮನೆಗೆ ಬಂದ. ಹಾಲ್‌ನಲ್ಲಿ ಕೂರಿಸಿದರು, ಕಜ್ಜಾಯ ಕೊಟ್ಟರು, ಮರ್ಯಾದೆಗೇನೂ ಕೊರತೆಯಿಲ್ಲ. ಕಾಫಿ ಹಿಡಿದು ನಾನು ಬರುವಷ್ಟರಲ್ಲಿ ಅವನು ಬಾಲ್ಕನಿಯಲ್ಲಿದ್ದ. ಅಲ್ಲಿ ಆಗಲೇ ಹೊಸ ಗ್ರಿಲ್ ನಿಂತಿತ್ತು, ಬೇರೆ ಯಾರೋ ಮಾಡಿದ್ದು. ಮಾವ ವೆಲ್ಡಿಂಗ್ ಕೂಡಿದ ಜಾಗದ ಮೇಲೆ ಬೆರಳಾಡಿಸಿ ನೋಡುತ್ತಿದ್ದ.

"ಒಳ್ಳೆ ಕೆಲಸ ಮಾಡವ್ನೆ" ಎಂದ. ನಾನು ತಲೆ ತಗ್ಗಿಸಿಕೊಂಡೇ ಕಾಫಿ ಚಾಚಿದೆ. ಲೋಟ ತೆಗೆದುಕೊಳ್ಳುತ್ತಾ ಅವನೇ ನನ್ನನ್ನು ಸಮಾಧಾನ ಮಾಡಿದ: "ಅಳತೆ ತಗೊಳ್ಳೋಕೆ ಮನೆಯೆಲ್ಲಾ ಓಡಾಡ್ಬೇಕಾಗುತ್ತಲ್ಲ ಪುಟ್ಟಿ. ಅದಕ್ಕೇ ಬೇಡ ಅಂದಿರ್ತಾರೆ."